ಬೇಸಿಗೆ ರಜೆಯ ಉದ್ದವನ್ನು ಅಳೆದವರು ಯಾರು?

ಗಡಿಯಾಚೆಯ ಕನ್ನಡ ಮನೆಗಳ ಹೆತ್ತವರೇ, ಪಾಲಕ ಬಂಧುಗಳೇ,

ನಿಮ್ಮ ಮಕ್ಕಳು ಬೇಸಿಗೆ ರಜೆಯನ್ನು ಶಾಲೆಯಲ್ಲಿ ಯಾವ ಹೆಸರಿನಿಂದ ಕೇಳುತ್ತಾರೆಂಬುದನ್ನು ಒಮ್ಮೆ ಗಮನಿಸಿ. ಕಾಸರಗೋಡು, ವಯನಾಡುಗಳಲ್ಲಿ ಅದು ‘ಮಧ್ಯವೇನಲವಧಿ’. ಹೊಸೂರು, ತಾಳವಾಡಿ, ನೀಲಗಿರಿಗಳಲ್ಲಿ ‘ಕೋಡೈ ವಿಡುಮುರೈ’. ಆದೋನಿ, ರಾಯದುರ್ಗ, ಮಡಕಶಿರ, ನಾರಾಯಣಪೇಟೆಗಳಲ್ಲಿ ‘ವೇಸವಿ ಸೆಲವುಲು’. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳಲ್ಲಿ ‘ಉನ್ಹಾಳಿ ಸುಟ್ಟಿ’. ಮನೆಯಲ್ಲಿ ಅದೇ ‘ದೊಡ್ಡ ರಜೆ’, ಅದೇ ‘ಬ್ಯಾಸಗಿ ಸೂಟಿ’. ಹೆಸರು ಬೇರೆಯಾದುದಕ್ಕೆ ಚಿಂತಿಸಬೇಕಾಗಿಲ್ಲ. ಬಹುಭಾಷೆಗಳ ನಾಡಿನಲ್ಲಿ ಅದು ಸಹಜವೇ. ಆದರೆ ಈ ರಜೆ ಆರಂಭವಾಗುವ ದಿನ, ಮುಗಿಯುವ ದಿನ, ಅದರ ಉದ್ದ, ಇವೂ ಬೇರೆಬೇರೆಯಾಗಿವೆ. ಆ ಬೇರೆತನಕ್ಕೆ ಬಿಸಿಲು ಕಾರಣವೆಂದು ನಾವೆಲ್ಲರೂ ನಂಬಿದ್ದೇವೆ. ಇತಿಹಾಸವನ್ನು ತೆರೆದು ನೋಡಿದರೆ ಬಿಸಿಲಿಗಿಂತ ಗಡಿಯ ಗೆರೆಯೇ ಹೆಚ್ಚು ಕಾರಣವಾಗಿರುವುದು ಕಾಣುತ್ತದೆ. ಅದನ್ನು ನಿಮ್ಮ ಮುಂದಿಡುವುದು ಈ ಬರಹದ ಉದ್ದೇಶ. ಏಕೆಂದರೆ ರಜೆಯ ದಿನಾಂಕಗಳು ಮತ್ತೊಮ್ಮೆ ಬದಲಾಗುವ ಕಾಲ ಬಂದಿದೆ. ನಮ್ಮ ಮಾತು ಆ ಚರ್ಚೆಯಲ್ಲಿ ಇನ್ನೂ ಕೇಳಿಸಿಲ್ಲ.

ದೊಡ್ಡ ರಜೆಯಿಲ್ಲದ ಕಾಲ

ಬೇಸಿಗೆಯಲ್ಲಿ ಶಾಲೆ ಮುಚ್ಚಬೇಕೆಂಬುದು ನಮ್ಮ ಪ್ರಾಚೀನ ಪದ್ಧತಿಯಲ್ಲ. ವೇದಾಧ್ಯಯನದ ವರ್ಷ ಶ್ರಾವಣದ ಉಪಾಕರ್ಮದಿಂದ, ಅಂದರೆ ಮಳೆಗಾಲದಲ್ಲಿಯೇ, ಆರಂಭವಾಗಿ ನಾಲ್ಕೂವರೆ ತಿಂಗಳು ನಡೆಯುತ್ತಿತ್ತೆಂದು ಸ್ಮೃತಿಗಳು ಹೇಳುತ್ತವೆ. ಅಮಾವಾಸ್ಯೆ, ಹುಣ್ಣಿಮೆ, ಅಷ್ಟಮಿ, ಚತುರ್ದಶಿಗಳು ಅನಧ್ಯಯನದ ದಿನಗಳು. ಗುಡುಗು ಮಿಂಚುಗಳೊಡನೆ ಮಳೆ ಸುರಿದರೆ, ಧೂಳೆಬ್ಬಿಸುವ ಗಾಳಿ ಬೀಸಿದರೆ ಆಗಲೂ ಪಾಠ ನಿಲ್ಲುತ್ತಿತ್ತು. ಆ ವಿದ್ಯೆಯ ಬಾಗಿಲು ಕೆಲವರಿಗಷ್ಟೇ ತೆರೆದಿತ್ತೆಂಬುದು ನಿಜ. ಆದರೂ ಒಂದು ಸಂಗತಿ ಗಮನಾರ್ಹ: ಹವೆಯನ್ನು ನೋಡಿ ಆಯಾ ದಿನವೇ ಪಾಠ ನಿಲ್ಲಿಸುವ ರೂಢಿ ಇತ್ತು, ಎರಡು ತಿಂಗಳ ಬೇಸಿಗೆ ಬಿಡುವು ಇರಲಿಲ್ಲ.

ಊರಿನ ಮಕ್ಕಳು ಓದುತ್ತಿದ್ದುದು ಕೂಲಿಮಠಗಳಲ್ಲಿ, ಐಗಳ ಮಠಗಳಲ್ಲಿ. ಅವುಗಳ ಬಗ್ಗೆ ನಮಗೆ ದೊರೆಯುವ ಒಳ್ಳೆಯ ದಾಖಲೆಗಳಲ್ಲೊಂದು ನಮ್ಮದೇ ಗಡಿನಾಡಿನದು. 1822ರ ಜೂನ್ 25ರಂದು ಮದರಾಸಿನ ಗವರ್ನರ್ ಥಾಮಸ್ ಮನ್ರೋ, ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕ ಕಳುಹಿಸುವಂತೆ ಸೂಚಿಸಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಉತ್ತರ ಬರೆದನು. ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಆದೋನಿ, ರಾಯದುರ್ಗ, ಮಡಕಶಿರಗಳೂ ಸೇರಿದ್ದವು. ಅನಂತಪುರ ಜಿಲ್ಲೆ ಬೇರೆಯಾದದ್ದು 1882ರಲ್ಲಿ. ಅವನ ಲೆಕ್ಕದಂತೆ 9,27,857 ಜನರಿದ್ದ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಆ ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಸಂಸ್ಕೃತದವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು 1. ಆದೋನಿ, ರಾಯದುರ್ಗಗಳಲ್ಲಿ ಇಂದು ಕನ್ನಡ ಶಾಲೆ ಕೇಳುವುದು ಹೊಸ ಬೇಡಿಕೆಯೆಂದು ಯಾರಾದರೂ ಅಂದರೆ ಈ ಅಂಕಿಗಳನ್ನು ಅವರ ಮುಂದಿಡಬಹುದು.

ಆ ಶಾಲೆಗಳು ಬೆಳಿಗ್ಗೆ ಆರು ಗಂಟೆಗೆ ತೆರೆಯುತ್ತಿದ್ದವೆಂದು ಕ್ಯಾಂಪ್‌ಬೆಲ್ ಬರೆದಿದ್ದಾನೆ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನ ಅಂಗೈಯಲ್ಲಿ ಸೊನ್ನೆ. ಮೂರನೆಯವನಿಗೆ ಒಂದು ಹಗುರ ಪೆಟ್ಟು, ಅನಂತರ ಬಂದವರಿಗೆ ಒಂದೊಂದು ಹೆಚ್ಚು. ಹೊತ್ತೇರುವ ಮುನ್ನವೇ ಪಾಠ ಶುರುವಾಗುತ್ತಿದ್ದ ಶಾಲೆಗಳವು. ಅಂಥ ಶಾಲೆಯ ಐಗಳಿಗೆ ಸಂಬಳ ಕೊಡುತ್ತಿದ್ದವರು ಮಕ್ಕಳ ತಂದೆತಾಯಿಗಳು. ಊರಿನ ಹಬ್ಬ, ಜಾತ್ರೆ, ಸುಗ್ಗಿಗಳೇ ಅವನ ಪಂಚಾಂಗ. ಮಹಾನವಮಿ ಬಂದಾಗ ಮಠದ ಮಕ್ಕಳು ಮನೆಮನೆಗೆ ಹೋಗಿ ಚೌಪದ ಹಾಡಿ ಗುರುಗಳಿಗೆ ಕಾಣಿಕೆ ತರುತ್ತಿದ್ದರು. ಅಂದರೆ ಬಿಡುವಿನ ದಿನಗಳು ಊರಿನವು, ಊರವರೇ ಗೊತ್ತುಮಾಡಿದವು.

ರಾಜಧಾನಿಯ ಸೆಕೆ

ಸ್ಥಿತಿ ಬದಲಾದದ್ದು 1854ರ ಚಾರ್ಲ್ಸ್ ವುಡ್‌ನ ಶಿಕ್ಷಣ ಪತ್ರದ ಅನಂತರ. ಪ್ರಾಂತ ಪ್ರಾಂತಗಳಲ್ಲಿ ವಿದ್ಯಾ ಇಲಾಖೆಗಳು ಹುಟ್ಟಿದವು; ಶಾಲೆಗೆ ಸರಕಾರದ ಅನುದಾನ ಬಂತು; ಅನುದಾನದ ಬೆನ್ನಿಗೆ ಇನ್ಸ್‌ಪೆಕ್ಟರರೂ ಹಾಜರಿ ಪುಸ್ತಕವೂ ಬಂದವು. 1857ರಲ್ಲಿ ಮದರಾಸು, ಮುಂಬಯಿ, ಕಲ್ಕತ್ತೆಗಳಲ್ಲಿ ವಿಶ್ವವಿದ್ಯಾನಿಲಯಗಳು ತೆರೆದವು. ಪರೀಕ್ಷೆಗೆ ನಿಗದಿಯಾದ ತಿಂಗಳು ಬಂತು. ಒಂದು ಪ್ರಾಂತದ ಎಲ್ಲ ಶಾಲೆಗಳೂ ಒಂದೇ ದಿನ ತೆರೆದು ಒಂದೇ ದಿನ ಮುಚ್ಚಬೇಕೆಂಬ ಕಲ್ಪನೆ ಬೆಳೆದದ್ದು ಈ ವ್ಯವಸ್ಥೆಯೊಳಗೆ.

ಆ ವ್ಯವಸ್ಥೆಯನ್ನು ನಡೆಸುತ್ತಿದ್ದವರಿಗೆ ಏಪ್ರಿಲ್, ಮೇ ತಿಂಗಳುಗಳ ಬಿಸಿಲು ಸಹಿಸಲಾಗದ ಸಂಗತಿ. ಮದರಾಸಿನ ಸರಕಾರ ಬೇಸಿಗೆಯಲ್ಲಿ ಉದಕಮಂಡಲಕ್ಕೆ ಏರುತ್ತಿತ್ತು. ಮುಂಬಯಿಯ ಸರಕಾರ ಮಹಾಬಳೇಶ್ವರಕ್ಕೆ ಹೋಗುತ್ತಿತ್ತು. ನ್ಯಾಯಾಲಯಗಳಿಗೂ ಬೇಸಿಗೆಯ ಬಿಡುವು. ಶಾಲೆಯ ರಜೆ ಈ ದೊಡ್ಡ ಬಿಡುವಿನ ಜೊತೆಗಾರನಾಗಿ ನೆಲೆಗೊಂಡಿತು. ಬೇಸಿಗೆ ರಜೆಯನ್ನು ರೈತರ ಮಕ್ಕಳ ಅನುಕೂಲಕ್ಕಾಗಿ ಕೊಟ್ಟರೆಂಬ ಮಾತು ನಮ್ಮ ನೆಲಕ್ಕೆ ಹೊಂದುವುದಿಲ್ಲ. ಒಣ ಬೇಸಾಯದ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳುಗಳು ಹೊಲದ ಕೆಲಸ ಕಡಿಮೆಯಿರುವ ಕಾಲ. ಮಿರಗದ ಮಳೆಗೆ ಬಿತ್ತನೆ, ಮಾಗಿಯಲ್ಲಿ ಸುಗ್ಗಿ: ಕೈ ಬೇಕಾಗುವ ಕಾಲ ಇವೇ, ಆಗ ಶಾಲೆ ತೆರೆದೇ ಇರುತ್ತದೆ. ಜತ್ತದ ಕಡೆಯಿಂದ ಕಬ್ಬು ಕಡಿಯಲು ಹೋಗುವ ಕುಟುಂಬಗಳ ಮಕ್ಕಳು, ಆದೋನಿಯ ಕಡೆಯಿಂದ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಹೋಗುವವರ ಮಕ್ಕಳು ಪಾಠ ಕಳೆದುಕೊಳ್ಳುವುದು ಬೇಸಿಗೆಯಲ್ಲಲ್ಲ, ಶಾಲೆ ನಡೆಯುತ್ತಿರುವ ತಿಂಗಳುಗಳಲ್ಲಿ.

ಅಂತೂ ರಾಜಧಾನಿಯ ಸೆಕೆ ಇಡೀ ಪ್ರಾಂತದ ಸೆಕೆಯಾಯಿತು. ಇದರ ವಿಚಿತ್ರವನ್ನು ನೀಲಗಿರಿಯ ಹಟ್ಟಿಗಳಲ್ಲಿರುವ ನೀವು ಎಲ್ಲರಿಗಿಂತ ಚೆನ್ನಾಗಿ ಬಲ್ಲಿರಿ. ವರ್ಷದ ಅತ್ಯಂತ ಹಿತವಾದ ಹವೆ ಅಲ್ಲಿ ಮೇ ತಿಂಗಳಿನದು. ಊಟಿಯ ಫಲಪುಷ್ಪ ಪ್ರದರ್ಶನ ನಡೆಯುವುದೂ ಆಗಲೇ. ನಿಮ್ಮ ಮಕ್ಕಳಿಗೆ ರಜೆ ಸಿಗುವುದು ಆ ಹಿತವಾದ ತಿಂಗಳಲ್ಲಿ. ಗೂಡಲೂರು, ಪಂದಲೂರುಗಳಲ್ಲಿ ಜೂನ್, ಜುಲೈ ಮಳೆ ಹೊಯ್ಯುವಾಗ, ಕೂನೂರು, ಕೋಟಗಿರಿಗಳಲ್ಲಿ ಹಿಂಗಾರು ಮಳೆಗೆ ಗುಡ್ಡ ಜಾರುವಾಗ, ಜನವರಿಯಲ್ಲಿ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುವಾಗ ಶಾಲೆ ತೆರೆದಿರುತ್ತದೆ. ಹಿಮಾಚಲ ಪ್ರದೇಶದಲ್ಲಿ ಬೇಸಿಗೆಯಲ್ಲಿ ಮುಚ್ಚುವ ಶಾಲೆಗಳೆಂದೂ ಚಳಿಗಾಲದಲ್ಲಿ ಮುಚ್ಚುವ ಶಾಲೆಗಳೆಂದೂ ಎರಡು ಬಗೆ ಉಂಟು. ನೀಲಗಿರಿಗೆ ಅಂಥ ಭಾಗ್ಯ ಬರಲಿಲ್ಲ.

ಗೆರೆ ಎಳೆದ ಮೇಲೆ

ಆದರೂ ಅಂದಿನ ವ್ಯವಸ್ಥೆಯಲ್ಲಿ ನಮಗೆ ಒಂದು ಅನುಕೂಲವಿತ್ತು. ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಮಂಗಳೂರಿನ ಶಾಲೆಯೂ ಕಾಸರಗೋಡಿನ ಶಾಲೆಯೂ ಒಂದೇ ಇಲಾಖೆಗೆ ಸೇರಿದ್ದವು. ಆದೋನಿ, ಆಲೂರು, ರಾಯದುರ್ಗಗಳು ಬಳ್ಳಾರಿಯೊಡನೆ ಇದ್ದವು. ಸೊಲ್ಲಾಪುರ ಜಿಲ್ಲೆ, ವಿಜಾಪುರ ಮತ್ತು ಧಾರವಾಡಗಳೊಡನೆ ಮುಂಬಯಿ ಪ್ರಾಂತದಲ್ಲಿತ್ತು; ಅಕ್ಕಲಕೋಟೆ, ಜತ್ತ ಸಂಸ್ಥಾನಗಳು 1948ರಲ್ಲಿ ಅದೇ ಮುಂಬಯಿಯಲ್ಲಿ ವಿಲೀನವಾದವು. ನಾರಾಯಣಪೇಟೆ, ಮಕ್ತಲಗಳು ರಾಯಚೂರಿನೊಡನೆ ನಿಜಾಮರ ಹೈದರಾಬಾದಿನಲ್ಲಿದ್ದವು. ತಾಳವಾಡಿ, ಕೊಳ್ಳೇಗಾಲದೊಡನೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹೊಸೂರು ಸೇಲಂ ಜಿಲ್ಲೆಯಲ್ಲಿಯೂ ಆನೇಕಲ್ಲು ಮೈಸೂರು ಸಂಸ್ಥಾನದಲ್ಲಿಯೂ ಇದ್ದುದರಿಂದ ಅಲ್ಲಿನ ಕತೆ ಬೇರೆ. ಮೈಸೂರಿನ ತಾಲೂಕುಗಳಿಗೆ ಅಂಟಿಕೊಂಡಿದ್ದ ಮಡಕಶಿರದ್ದೂ ಭಾಗಶಃ ಹಾಗೆಯೇ. ಉಳಿದೆಡೆಗಳಲ್ಲಿ ಗಡಿನಾಡಿನ ಮಗುವಿಗೂ ಪಕ್ಕದ ಕನ್ನಡ ಜಿಲ್ಲೆಯ ಮಗುವಿಗೂ ಒಂದೇ ಇಲಾಖೆ, ಒಂದೇ ಶಾಲಾ ವರ್ಷ. ಅಜ್ಜಿಯ ಮನೆ ಯಾವ ಊರಿನಲ್ಲಿದ್ದರೂ ಅಲ್ಲಿನ ಮಕ್ಕಳು ಆ ದಿನಗಳಲ್ಲಿ ಮನೆಯಲ್ಲಿಯೇ ಇರುತ್ತಿದ್ದರು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. 1956ರ ನವೆಂಬರ್ 1ರಂದು ಮಂಗಳೂರು ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ, ವಿಜಾಪುರ ಇತ್ತಕ್ಕೂ ಸೊಲ್ಲಾಪುರ ಅತ್ತಕ್ಕೂ, ರಾಯಚೂರು ಇತ್ತಕ್ಕೂ ನಾರಾಯಣಪೇಟೆ ಅತ್ತಕ್ಕೂ ಆದವು. ಕೊಳ್ಳೇಗಾಲ ಬಂತು, ತಾಳವಾಡಿ ಉಳಿಯಿತು. ಈ ವಿಂಗಡಣೆಯ ನೋವು, ಮಹಾಜನ ಆಯೋಗದ ಕತೆ ನಿಮಗೆ ಗೊತ್ತಿರುವಂಥದೇ. ಆದರೆ ಆ ದಿನ ನೆಲದೊಡನೆ ಶಾಲೆಯ ಪಂಚಾಂಗವೂ ಒಡೆಯಿತೆಂಬುದನ್ನು ನಾವು ಹೆಚ್ಚಾಗಿ ಗಮನಿಸಿಲ್ಲ. ಕೇರಳದಲ್ಲಿ 1958ರ ಶಿಕ್ಷಣ ಕಾಯಿದೆಯನ್ನನುಸರಿಸಿ 1959ರಲ್ಲಿ ಬಂದ ನಿಯಮಗಳು, ಮಾರ್ಚಿಯ ಕೊನೆಯ ಕೆಲಸದ ದಿನ ಶಾಲೆ ಮುಚ್ಚಿ ಜೂನಿನ ಮೊದಲ ಕೆಲಸದ ದಿನ ತೆರೆಯಬೇಕೆಂದು ಗೊತ್ತುಪಡಿಸಿದವು. ಇತರ ರಾಜ್ಯಗಳೂ ತಂತಮ್ಮ ದಾರಿ ಹಿಡಿದವು. ತಲಪಾಡಿಯ ಅತ್ತ ಇತ್ತ ಬಿಸಿಲು ಒಂದೇ, ಮಳೆ ಒಂದೇ. ರಜೆ ಮಾತ್ರ ಎರಡಾಯಿತು.

ಕೂಡು ರಜೆಯ ಲೆಕ್ಕ

ಈಗ ಸ್ವಲ್ಪ ಲೆಕ್ಕ ಮಾಡೋಣ. ಇತ್ತೀಚಿನ ವರ್ಷಗಳ ರೂಢಿಯಂತೆ ಕರ್ನಾಟಕದ ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ, 48 ದಿನ. ಕೇರಳದಲ್ಲಿ ಏಪ್ರಿಲ್ 1ರಿಂದ ಮೇ 31ರವರೆಗೆ, 61 ದಿನ. ಆಂಧ್ರ, ತೆಲಂಗಾಣಗಳಲ್ಲಿ ಏಪ್ರಿಲ್ 24ರಿಂದ ಜೂನ್ 11ರವರೆಗೆ, 49 ದಿನ. ಮಹಾರಾಷ್ಟ್ರದಲ್ಲಿ ಮೇ ತಿಂಗಳ ಆರಂಭದಿಂದ ಜೂನ್ ನಡುವಿನವರೆಗೆ, ಸುಮಾರು 44 ದಿನ. ತಮಿಳುನಾಡಿನಲ್ಲಿ ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ. ಪ್ರತಿವರ್ಷ ಕೊಂಚ ಹಿಂದು ಮುಂದು.

ಉದ್ದದಲ್ಲಿ ಕೇರಳದ ರಜೆ ದೊಡ್ಡದೆಂದು ಕಂಡರೂ ಒಟ್ಟು ಶಾಲಾ ದಿನಗಳಲ್ಲಿ ಅಷ್ಟು ಅಂತರವಿಲ್ಲ. ಕರ್ನಾಟಕ ದಸರೆಗೆ ಎರಡು ವಾರದಷ್ಟು ಬಿಡುವು ಕೊಡುತ್ತದೆ. ಕೇರಳ ಓಣಂ ಮತ್ತು ಕ್ರಿಸ್ಮಸ್‌ಗೆ ಹತ್ತು ಹತ್ತು ದಿನ ಕೊಡುತ್ತದೆ. ಮಹಾರಾಷ್ಟ್ರ ದೀಪಾವಳಿಗೆ ಕೊಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ 1ರಿಂದ 5ನೆಯ ತರಗತಿಗೆ ವರ್ಷಕ್ಕೆ 200 ದಿನ, 6ರಿಂದ 8ನೆಯ ತರಗತಿಗೆ 220 ದಿನ ಪಾಠ ನಡೆಯಬೇಕು. ಆದ್ದರಿಂದ ರಜೆ ಉದ್ದವೋ ಗಿಡ್ಡವೋ ಎಂಬುದು ನಮ್ಮ ಮುಖ್ಯ ಪ್ರಶ್ನೆಯಲ್ಲ. ನಮ್ಮ ಮಕ್ಕಳಿಗೂ ಕರ್ನಾಟಕದ ಮಕ್ಕಳಿಗೂ ಒಟ್ಟಿಗೆ ಸಿಗುವ ರಜೆ ಎಷ್ಟು ಎಂಬುದು ಪ್ರಶ್ನೆ. ಅದನ್ನು ‘ಕೂಡು ರಜೆ’ ಎಂದು ಕರೆಯೋಣ.

ಮೇಲಿನ ದಿನಾಂಕಗಳಂತೆ ಕಾಸರಗೋಡು, ವಯನಾಡಿನ ಮಗುವಿಗೆ ಕೂಡು ರಜೆ 48 ದಿನ. ಆಂಧ್ರ, ತೆಲಂಗಾಣದ ಮಗುವಿಗೆ 35 ದಿನ. ತಮಿಳುನಾಡಿನ ಮಗುವಿಗೆ ಒಂದು ತಿಂಗಳ ಆಸುಪಾಸು. ಮಹಾರಾಷ್ಟ್ರದ ಮಗುವಿಗೆ ಸುಮಾರು 27 ದಿನ. ಅಕ್ಕಲಕೋಟೆಯ ಮಗು ಆಳಂದದ ಸೋದರಮಾವನ ಮನೆಗೆ ಹೋಗಿರುವಾಗ ಮೇ 29ಕ್ಕೆ ಅಲ್ಲಿನ ಮಕ್ಕಳು ಚೀಲ ಹೊತ್ತು ಶಾಲೆಗೆ ಹೊರಡುತ್ತಾರೆ. ಈ ಮಗುವಿಗೆ ಇನ್ನೂ ಹದಿನೈದು ದಿನ ಸೂಟಿ ಉಳಿದಿರುತ್ತದೆ, ಆಡಲು ಜೊತೆಯಿರುವುದಿಲ್ಲ. ದಸರೆಯ ಹೊತ್ತಿಗೆ ಆಂಧ್ರ, ತೆಲಂಗಾಣ, ತಮಿಳುನಾಡುಗಳ ಮಕ್ಕಳಿಗೆ ಸ್ವಲ್ಪ ಕೂಡು ರಜೆ ಮತ್ತೆ ದೊರೆಯುತ್ತದೆ. ಕೇರಳ, ಮಹಾರಾಷ್ಟ್ರಗಳ ಮಕ್ಕಳಿಗೆ ಹೆಚ್ಚುಕಡಿಮೆ ಬೇಸಿಗೆಯೊಂದೇ ಗತಿ.

ಕೂಡು ರಜೆಗೆ ಇಷ್ಟು ಬೆಲೆ ಏಕೆ? ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಮಗುವಿಗೆ ಕನ್ನಡ ಕಿವಿಗೆ ಬೀಳುವುದು ಎರಡು ಕಡೆ: ಮನೆಯಲ್ಲಿ, ಶಾಲೆಯಲ್ಲಿ. ಎಷ್ಟೋ ಮನೆಗಳಲ್ಲಿ ಆಡುವ ಮಾತು ತುಳು, ಬಡಗ, ಮರಾಠಿ, ಉರ್ದು, ಕೊಂಕಣಿ; ಅಲ್ಲಿ ಕನ್ನಡದ ಓದು ಬರಹಕ್ಕೆ ಶಾಲೆಯೊಂದೇ ಆಧಾರ. ಶಾಲೆ ಮುಚ್ಚಿದಾಗ ಬೀದಿಯ ಭಾಷೆ, ಟಿವಿಯ ಭಾಷೆ, ಆಟದ ಭಾಷೆ ಮುಂದಾಗುತ್ತವೆ. ರಜೆಯಲ್ಲಿ ಕಲಿತದ್ದು ಜಾರುವುದು ಎಲ್ಲ ದೇಶಗಳಲ್ಲೂ ಕಂಡದ್ದೇ. ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಸಮೀಕ್ಷೆ, ಬೇಸಿಗೆ ರಜೆಯಲ್ಲಿ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬೀಳುತ್ತಾರೆಂದು ಕಂಡಿತು. ಓದಿನಲ್ಲಿ ಅನುಕೂಲಸ್ಥರ ಮಕ್ಕಳು ರಜೆಯಲ್ಲಿಯೂ ಮುಂದೆ ಹೋಗುತ್ತಿದ್ದರು. ಬಡವರ ಮಕ್ಕಳು ಹಿಂದೆ ಬೀಳುತ್ತಿದ್ದರು. ಮನೆಯಲ್ಲಿ ಪುಸ್ತಕವಿದೆಯೇ, ಓದಿ ಹೇಳುವವರಿದ್ದಾರೆಯೇ ಎಂಬುದೇ ಆ ಅಂತರದ ಮೂಲವೆಂದು ಊಹಿಸುವುದು ಕಷ್ಟವಲ್ಲ. ಕೊರೋನಾ ಕಾಲದ ದೀರ್ಘ ಮುಚ್ಚುಗಡೆಯ ಅನಂತರ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳಲ್ಲಿ 16,067 ಮಕ್ಕಳನ್ನು ಪರೀಕ್ಷಿಸಿ, ಶೇಕಡಾ 92 ಮಕ್ಕಳು ಹಿಂದಿನ ವರ್ಷದ ಒಂದಾದರೂ ಭಾಷಾ ಸಾಮರ್ಥ್ಯವನ್ನು ಕಳೆದುಕೊಂಡಿದ್ದರೆಂದು 2021ರಲ್ಲಿ ವರದಿ ಮಾಡಿತು. ಸುತ್ತಲೂ ತಮ್ಮ ಶಾಲೆಯ ಭಾಷೆಯೇ ಇರುವ ಮಕ್ಕಳ ಗತಿಯೇ ಹೀಗಾದರೆ, ಸುತ್ತಲೂ ಬೇರೆ ಭಾಷೆಯಿರುವ ನಮ್ಮ ಮಕ್ಕಳದು ಹೇಗಿದ್ದೀತು?

ಅದಕ್ಕೆ ಮದ್ದಾಗಿ ಬಹುಕಾಲದಿಂದ ಕೆಲಸ ಮಾಡಿರುವುದು ಕೂಡು ರಜೆ. ಕಾಸರಗೋಡಿನಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವುದು ಬೇಷ ತಿಂಗಳ ಹತ್ತನೆಯ ದಿನದ ಪತ್ತನಾಜೆಗೆ, ಅಂದರೆ ಮೇ 24ರ ಸುಮಾರಿಗೆ. ಅಲ್ಲಿಯವರೆಗೆ ರಜೆಯ ಮಕ್ಕಳಿಗೆ ರಾತ್ರಿಯಿಡೀ ಕನ್ನಡದ ಅರ್ಥಗಾರಿಕೆ ಕೇಳುವ ಅವಕಾಶ. ಮದುವೆ, ಮುಂಜಿ, ಜಾತ್ರೆಗಳಿಗೆ ಗಡಿ ದಾಟಿ ಹೋಗುವುದು, ಕನ್ನಡದ ಬಸ್ಸಿನ ಬೋರ್ಡು ಓದುವುದು, ದೊಡ್ಡಮ್ಮನ ಮಕ್ಕಳೊಡನೆ ಜಗಳವಾಡುವುದು: ಇವು ಪಾಠಪುಸ್ತಕದ ಭಾಷೆ ಎಲ್ಲರ ಭಾಷೆಯೂ ಹೌದೆಂದು ಮಗುವಿಗೆ ತಿಳಿಯುವ ಸಂದರ್ಭಗಳು.

ಬದಲಾಗುತ್ತಿರುವ ಹವೆ, ಬದಲಾಗುತ್ತಿರುವ ದಿನಾಂಕ

ಈಗ ಹವೆಯೇ ಬದಲಾಗುತ್ತಿದೆ, ಅದರೊಡನೆ ದಿನಾಂಕಗಳೂ. ತಮಿಳುನಾಡಿನಲ್ಲಿ 2023ರ ಜೂನ್ ಆರಂಭದಲ್ಲಿ ತೆರೆಯಬೇಕಾಗಿದ್ದ ಶಾಲೆಗಳು ಬಿಸಿಲಿನ ಕಾರಣ ಮೊದಲು 7ಕ್ಕೆ, ಅನಂತರ ದೊಡ್ಡ ಮಕ್ಕಳಿಗೆ 12ಕ್ಕೆ, ಪುಟ್ಟ ಮಕ್ಕಳಿಗೆ 14ಕ್ಕೆ ಮುಂದೆ ಹೋದವು. 2024ರಲ್ಲಿ ಜೂನ್ 6ರಿಂದ 10ಕ್ಕೆ ಹೋದವು. ಆ ದಿನಗಳಲ್ಲಿ ತಾಳವಾಡಿಯ ಬೆಟ್ಟದ ಮೇಲೆ ಚೆನ್ನೈಯಂಥ ಬಿಸಿಲಿರಲಿಲ್ಲ. ಆದರೂ ಆದೇಶ ರಾಜ್ಯಕ್ಕೆಲ್ಲ ಒಂದೇ. ಆಂಧ್ರದಲ್ಲಿ 2023ರ ಜೂನ್ 12ಕ್ಕೆ ಶಾಲೆ ತೆರೆದರೂ ಸೆಕೆಯಿಂದಾಗಿ ಕೆಲವು ದಿನ ಅರ್ಧ ಹೊತ್ತು ಮಾತ್ರ ಪಾಠ ನಡೆಯಿತು. ಗೋವಾ 2025ರಲ್ಲಿ 6ರಿಂದ 10 ಮತ್ತು 12ನೆಯ ತರಗತಿಗಳ ಹೊಸ ವರ್ಷವನ್ನು ಏಪ್ರಿಲ್ 7ಕ್ಕೇ ಆರಂಭಿಸಿತು. ದುಡಿಮೆಗಾಗಿ ಅಲ್ಲಿ ನೆಲೆಸಿ, ಬೇಸಿಗೆಯಲ್ಲಿ ಊರಿಗೆ ಬರುವ ಕನ್ನಡ ಕುಟುಂಬಗಳಿಗೆ ಏಪ್ರಿಲ್ ತಿಂಗಳು ಕೈತಪ್ಪಿತು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಕೇರಳದ್ದು. ಅಲ್ಲಿಗೆ ಮುಂಗಾರು ತಲುಪುವ ವಾಡಿಕೆಯ ದಿನ ಜೂನ್ 1. ಶಾಲೆ ತೆರೆಯುವುದೂ ಅಂದೇ. 2025ರಲ್ಲಿ ಮಳೆ ಮೇ 24ಕ್ಕೇ ಬಂತು. ಜೂನ್, ಜುಲೈ ತಿಂಗಳುಗಳಲ್ಲಿ ಜಿಲ್ಲಾಧಿಕಾರಿಗಳು ಮಳೆಗಾಗಿ ರಜೆ ಸಾರುವುದು ಕಾಸರಗೋಡು, ವಯನಾಡುಗಳಲ್ಲಿ ನಿಮಗೆಲ್ಲ ವಾಡಿಕೆಯಾಗಿಹೋಗಿದೆ. 2024ರ ಜುಲೈ 30ರಂದು ಮುಂಡಕೈ, ಚೂರಲ್‌ಮಲೆಗಳಲ್ಲಿ ಕುಸಿದ ಗುಡ್ಡ ಶಾಲೆಯನ್ನೂ ಬಿಡಲಿಲ್ಲ. ಇಂಥ ಹಿನ್ನೆಲೆಯಲ್ಲಿ ಕೇರಳದ ಶಿಕ್ಷಣ ಸಚಿವ ವಿ. ಶಿವನ್‌ಕುಟ್ಟಿಯವರು 2025ರಲ್ಲಿ, ಏಪ್ರಿಲ್-ಮೇ ರಜೆಯನ್ನು ಜೂನ್-ಜುಲೈಗೆ ಬದಲಾಯಿಸಬಹುದೇ ಎಂದು ಸಾರ್ವಜನಿಕರ ಅಭಿಪ್ರಾಯ ಕೇಳಿದರು. ಪ್ರಶ್ನೆ ನ್ಯಾಯವಾದುದೇ. ತೊರೆ ದಾಟಿ ಶಾಲೆಗೆ ಹೋಗುವ ಮಗುವಿನ ಜೀವಕ್ಕಿಂತ ಯಾವ ಪಂಚಾಂಗವೂ ದೊಡ್ಡದಲ್ಲ. ಆದರೆ ಇನ್ನೊಂದು ಲೆಕ್ಕವನ್ನೂ ಮುಂದಿಡಬೇಕು: ಕರ್ನಾಟಕದ ರಜೆ ಏಪ್ರಿಲ್-ಮೇಯಲ್ಲಿಯೇ ಉಳಿದು ಕೇರಳದ್ದು ಪೂರ್ತಿಯಾಗಿ ಜೂನ್-ಜುಲೈಗೆ ಹೋದರೆ, ಕಾಸರಗೋಡಿನ ಮಗುವಿನ 48 ದಿನದ ಕೂಡು ರಜೆ ಸೊನ್ನೆಯಾಗುತ್ತದೆ. ಮೇ ಮತ್ತು ಜೂನ್ ತಿಂಗಳನ್ನು ಜೋಡಿಸಿದರೆ ಮಳೆಯ ಮೊದಲ ಅಬ್ಬರವೂ ತಪ್ಪೀತು, 28 ದಿನದ ಕೂಡು ರಜೆಯೂ ಉಳಿದೀತು. ಈ ಮಾತನ್ನು ಹೇಳಬೇಕಾದವರು ನಾವು. ನಾವು ಹೇಳದಿದ್ದರೆ ತಿರುವನಂತಪುರದಲ್ಲಿ ಕುಳಿತವರಿಗೆ ಇದು ಹೊಳೆಯುವ ಕಾರಣವಿಲ್ಲ.

ಶಾಲೆ ತೆರೆಯುವ ವಾರ

ರಜೆಯ ಕೊನೆಗೆ ಬರುವ ಇನ್ನೊಂದು ಸಂಗತಿಯ ಕಡೆಗೂ ನಿಮ್ಮ ಗಮನ ಬೇಕು. 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಸೂತ್ರವನ್ನು ಒಪ್ಪಿತು: ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಪಾಠ ಹೇಳಲು ಒಬ್ಬ ಅಧ್ಯಾಪಕರನ್ನಾದರೂ ಕೊಡಬೇಕು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸುವ ಹೊಣೆಯನ್ನು ರಾಜ್ಯಗಳ ಮೇಲೆ ಹೊರಿಸಿತು. ಹಕ್ಕು ಹೀಗೆ ಕಾಗದದಲ್ಲಿದೆ. ಆದರೆ ಅದು ತಲೆಯೆಣಿಕೆಯನ್ನು ಅವಲಂಬಿಸಿದೆ. ಕೇರಳದಲ್ಲಿ ಈಗಿನ ಪದ್ಧತಿಯಂತೆ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳನ್ನು ಎಣಿಸಿ ಆ ವರ್ಷದ ಅಧ್ಯಾಪಕ ಹುದ್ದೆಗಳನ್ನು ನಿಗದಿ ಮಾಡುತ್ತಾರೆ. ಆ ವಾರ ನಾಲ್ಕು ಮಕ್ಕಳು ಅಜ್ಜನ ಮನೆಯಲ್ಲಿಯೇ ಉಳಿದರೆ, ದಾಖಲಾತಿಯನ್ನು ಜೂನ್ ಕೊನೆಗೆ ನೋಡೋಣವೆಂದು ಇಬ್ಬರು ತಂದೆಯರು ತಡಮಾಡಿದರೆ, ಕನ್ನಡದ ಒಂದು ಡಿವಿಜನ್ನೇ ಹೋಗಬಹುದು. ಇತರ ರಾಜ್ಯಗಳಲ್ಲಿ ಎಣಿಕೆಯ ದಿನ ಬೇರೆಯಿರಬಹುದು, ತತ್ತ್ವ ಅದೇ. ಮೇ ತಿಂಗಳಲ್ಲಿ ಮನೆಬಾಗಿಲಿಗೆ ಬಂದು ವ್ಯಾನಿನ ಆಸೆ ತೋರಿಸುವ ಶಾಲೆಗಳ ನಡುವೆ, ಕನ್ನಡ ಶಾಲೆಯ ಪರವಾಗಿ ಆ ತಿಂಗಳು ಮನೆಮನೆಗೆ ಹೋಗುವವರು ಯಾರು ಎಂಬುದನ್ನು ನಾವೇ ಕೇಳಿಕೊಳ್ಳಬೇಕು.

ನಾವು ಮಾಡಬಹುದಾದದ್ದು

ಶಾಲೆಯ ಪಂಚಾಂಗ ದೂರದ ರಾಜಧಾನಿಯಲ್ಲಿಯೇ ಆಗಬೇಕೆಂದು ಕಾನೂನು ಹೇಳಿಲ್ಲ. ಶಿಕ್ಷಣ ಹಕ್ಕು ಕಾಯಿದೆಯ 9ನೆಯ ಸೆಕ್ಷನ್ ಸ್ಥಳೀಯ ಸಂಸ್ಥೆಗಳ ಕರ್ತವ್ಯಗಳನ್ನು ಎಣಿಸುವಾಗ, ಶೈಕ್ಷಣಿಕ ವೇಳಾಪಟ್ಟಿಯನ್ನು ತೀರ್ಮಾನಿಸುವುದನ್ನೂ ವಲಸೆ ಕುಟುಂಬಗಳ ಮಕ್ಕಳ ದಾಖಲಾತಿಯನ್ನು ನೋಡಿಕೊಳ್ಳುವುದನ್ನೂ ಸೇರಿಸಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಶಾಲಾ ವರ್ಷದ ದಿನಾಂಕಗಳನ್ನು ಜಿಲ್ಲಾ ಮಟ್ಟದಲ್ಲಿ ಗೊತ್ತುಮಾಡಬಹುದೆಂದು ಸೂಚಿಸಿತ್ತು. ಆಚರಣೆಯಲ್ಲಿ ಮಾತ್ರ ರಾಜ್ಯದ ಇಲಾಖೆಗಳೇ ಅದನ್ನು ನಡೆಸಿಕೊಂಡು ಬರುತ್ತಿವೆ. ಆದರೂ ಒಂದೇ ರಾಜ್ಯದೊಳಗೆ ಎರಡು ದಿನಾಂಕ ಅಸಾಧ್ಯವೇನಲ್ಲ: ಮಹಾರಾಷ್ಟ್ರದಲ್ಲಿ ವಿದರ್ಭದ ಶಾಲೆಗಳು ಬಿಸಿಲಿನ ಕಾರಣ ಉಳಿದ ಭಾಗಕ್ಕಿಂತ ಒಂದೆರಡು ವಾರ ತಡವಾಗಿ ತೆರೆಯುತ್ತವೆ. ಬಿಸಿಲಿಗೆ ಸಲ್ಲುವ ರಿಯಾಯಿತಿ ಭಾಷೆಗೂ ಸಲ್ಲಬಾರದೇಕೆ?

ಆದ್ದರಿಂದ ಮೂರು ವಿನಂತಿಗಳು. ಮೊದಲನೆಯದು, ನಿಮ್ಮ ಶಾಲೆಯ ಪೋಷಕರ ಸಭೆಯಲ್ಲಿ, ಶಾಲಾ ಆಡಳಿತ ಸಮಿತಿಯಲ್ಲಿ ಈ ವಿಷಯವನ್ನು ಎತ್ತಿ. ಆ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರೇ ಇರಬೇಕೆಂದು ಕಾಯಿದೆಯಿದೆ. ಅನುದಾನಿತ ಮತ್ತು ಅಲ್ಪಸಂಖ್ಯಾತ ಶಾಲೆಗಳಲ್ಲಿ ಅದರ ಮಾತು ಸಲಹೆಯಷ್ಟೇ ಆದರೂ ಸಲಹೆಗೂ ಬೆಲೆಯುಂಟು. ರಜೆಯ ಬದಲಾವಣೆಗೆ ಸರಕಾರ ಅಭಿಪ್ರಾಯ ಕೇಳಿದಾಗ, ಮೇ ತಿಂಗಳ ನಾಲ್ಕು ವಾರಗಳಾದರೂ ಕರ್ನಾಟಕದೊಡನೆ ಕೂಡಿರಲಿ ಎಂದು ಬರೆದು ಕಳುಹಿಸಿ. ಬರಹ ಆಯಾ ರಾಜ್ಯದ ಭಾಷೆಯಲ್ಲಿಯೂ ಇರಲಿ, ಕನ್ನಡದಲ್ಲಿಯೂ ಇರಲಿ. ಇದು ಯಾವ ಭಾಷೆಯ ವಿರುದ್ಧವೂ ಅಲ್ಲ; ಬೆಂಗಳೂರಿನಲ್ಲಿರುವ ಮಲಯಾಳಿ, ತೆಲುಗು ಕುಟುಂಬಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಎರಡನೆಯದು, ಕೂಡು ರಜೆಯನ್ನು ವ್ಯರ್ಥ ಮಾಡಬೇಡಿ. ಅದಕ್ಕೆ ಹಣ ಬೇಕಾಗಿಲ್ಲ. ಮಗುವನ್ನು ಕನ್ನಡದ ನಂಟರ ಮನೆಯಲ್ಲಿ ಎರಡು ವಾರ ಬಿಡಿ. ದಿನಕ್ಕೊಂದು ಪುಟ ಗಟ್ಟಿಯಾಗಿ ಓದಿಸಿ. ಅಜ್ಜಿಗೆ ಕನ್ನಡದಲ್ಲಿ ನಾಲ್ಕು ಸಾಲಿನ ಪತ್ರ ಬರೆಸಿ. ಬರುವ ವರ್ಷದ ಪುಸ್ತಕಗಳು ಶಾಲೆಗೆ ತಡವಾಗಿ ಬರುವ ಅನುಭವ ಹಲವರಿಗಿದೆ. ಕರ್ನಾಟಕದ ಪಠ್ಯಪುಸ್ತಕ ಸಂಘವೂ ಮಹಾರಾಷ್ಟ್ರದ ಬಾಲಭಾರತಿಯೂ ಕನ್ನಡ ಪುಸ್ತಕಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿವೆ; ಮೇ ತಿಂಗಳಲ್ಲಿಯೇ ಇಳಿಸಿಕೊಂಡು ನಾಲ್ಕು ಮನೆಗಳಿಗೆ ಹಂಚಿಕೊಳ್ಳಬಹುದು.

ಮೂರನೆಯದು, ಶಾಲೆ ತೆರೆಯುವ ಮೊದಲ ದಿನ ನಿಮ್ಮ ಮಗು ತರಗತಿಯಲ್ಲಿರಲಿ. ನೆರೆಮನೆಯ ಮಗುವೂ ಇರುವಂತೆ ನೋಡಿಕೊಳ್ಳಿ.

ಒಮ್ಮೆ ಐಗಳ ಮಠದ ಬಿಡುವಿನ ದಿನಗಳನ್ನು ಊರೇ ಗೊತ್ತುಮಾಡುತ್ತಿತ್ತು. ಆಮೇಲೆ ಅದನ್ನು ಮದರಾಸು, ಮುಂಬಯಿಗಳು ಗೊತ್ತುಮಾಡಿದವು. 1956ರ ಅನಂತರ ಐದಾರು ರಾಜಧಾನಿಗಳು ಗೊತ್ತುಮಾಡುತ್ತಿವೆ. ಅವು ಮುಂದೆ ಬಿಸಿಲು ಮಳೆಗಳನ್ನು ನೋಡಿ ಹೊಸ ದಿನಾಂಕ ಬರೆಯುವಾಗ ನಮ್ಮ ಮಕ್ಕಳ ಕನ್ನಡವನ್ನೂ ಒಂದು ಸಂಗತಿಯಾಗಿ ಲೆಕ್ಕಕ್ಕೆ ಹಿಡಿಯಲಿ. ನಿಮ್ಮ ಊರಿನ ಶಾಲೆ ಈ ವರ್ಷ ಯಾವ ದಿನ ಮುಚ್ಚಿತು, ಯಾವ ದಿನ ತೆರೆಯಿತು, ನಿಮಗೆ ಸಿಕ್ಕ ಕೂಡು ರಜೆ ಎಷ್ಟು ದಿನ ಎಂಬುದನ್ನು ಬರೆದಿಡಿ. ಹತ್ತು ಊರಿನ ಹತ್ತು ಲೆಕ್ಕಗಳು ಕೂಡಿದರೆ ಒಂದು ಮನವಿಗೆ ಬೇಕಾದ ಆಧಾರ ಸಿದ್ಧವಾಗುತ್ತದೆ.